ಘಟಕದ ಹಿಂದಿನ ಪೈಪು ಎಲ್ಲಿಗೆ ಹೋಗುತ್ತದೆ?

ನೀರಿನ ಬಗ್ಗೆ ಬಂದ ಓದುಗರ ಪ್ರಶ್ನೆಗಳಿಗೆ ಈ ಬಾರಿ ಕೆಮಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರೊಬ್ಬರ ಉತ್ತರ.

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕಿನ ಹಳ್ಳಿ. ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿದಾಗ ಫ್ಲೋರೈಡ್ ಲೀಟರಿಗೆ 2.5 ಮಿಲಿಗ್ರಾಂ ಎಂದು ಬಂತು. ಕುದಿಸಿ ಕುಡಿದರೆ ಸಾಕಾ? ಊರಿನ ಶುದ್ಧ ನೀರಿನ ಘಟಕದಿಂದ ಕುಡಿಯಲು ಮಾತ್ರ ನೀರು ತರುತ್ತೇವೆ. ಅಡುಗೆಗೆ ಬೋರ್ ನೀರೇ.

ಉತ್ತರ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮೊದಲು ಇದನ್ನು ಮನೆಯವರಿಗೆಲ್ಲ ಹೇಳಿ. ಕುದಿಸಿದರೆ ರೋಗಾಣು ಸಾಯುತ್ತವೆ, ಅಷ್ಟೇ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಎರಡು ಲೀಟರ್ ನೀರು ಕುದ್ದು ಒಂದು ಲೀಟರಿಗೆ ಇಳಿದರೆ 2.5 ಇದ್ದದ್ದು ಹೆಚ್ಚುಕಡಿಮೆ 5 ಆಗುತ್ತದೆ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದೇ ಹೋದರೆ 1.5ರವರೆಗೆ ಒಪ್ಪಬಹುದು. ಅದರ ಮೇಲೆ ಹೋಯಿತೆಂದರೆ ಹಲ್ಲು ಮೂಡುವ ವಯಸ್ಸಿನ ಮಕ್ಕಳಲ್ಲಿ ಕಂದು ಗೆರೆ ಕಾಣಿಸಿಕೊಳ್ಳಬಹುದು. ಇನ್ನೂ ಜಾಸ್ತಿ ಇದ್ದು, ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಹಿಡಿದುಕೊಳ್ಳುತ್ತವೆ. ಹಾಗಾಗಿ ಅಡುಗೆಯ ನೀರಿನ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತು. ಮುದ್ದೆಗೆ ಎಸರಿಟ್ಟ ನೀರನ್ನು ಯಾರೂ ಬಸಿದು ಚೆಲ್ಲುವುದಿಲ್ಲ. ಅದೆಲ್ಲ ಹಿಟ್ಟಿನೊಳಗೇ ಸೇರುತ್ತದೆ. ಸಾರೂ ಅಷ್ಟೇ, ಕಾಫಿಯೂ ಅಷ್ಟೇ. ಕುಡಿಯಲು ಘಟಕದ ನೀರು, ಅಡುಗೆಗೆ ಬೋರ್ ನೀರು ಎಂದರೆ ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಎರಡಕ್ಕೂ ಘಟಕದ ನೀರೇ ಬಳಸಿ. ಸ್ನಾನ, ಬಟ್ಟೆ, ಪಾತ್ರೆಗೆ ಬೋರ್ ನೀರು ಪರವಾಗಿಲ್ಲ.

ಈ ಫ್ಲೋರೈಡನ್ನು ಯಾರೂ ತಂದು ಸುರಿದದ್ದಲ್ಲ. ನಮ್ಮ ಬಯಲುಸೀಮೆಯ ಗ್ರಾನೈಟ್ ಬಂಡೆಯೊಳಗೇ ಇದೆ. ಬೋರ್ ಆಳಕ್ಕೆ ಹೋದಷ್ಟೂ ನೀರು ಬಂಡೆಯ ಜೊತೆ ಹೆಚ್ಚು ಕಾಲ ಕಳೆದಿರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಜಾಸ್ತಿ ಇರುವ ನೀರಿನಲ್ಲಿ ಅದು ಸಲೀಸಾಗಿ ಕರಗುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ನೀರು ಸಿಹಿಯಾಗಿದೆ ಎಂದು ಬೋರ್ ನೀರನ್ನು ಸುಮ್ನೆ ನಂಬಬೇಡಿ.

ಈಗ ಘಟಕದ ವಿಷಯ. ಅದರ ಮೆಂಬ್ರೇನ್, ಅಂದರೆ ಲವಣವನ್ನು ತಡೆದು ನೀರನ್ನು ಬಿಡುವ ತೆಳು ಪೊರೆ, ಸರಿಯಾಗಿದ್ದರೆ ನೀರು ಕುಡಿಯಬಹುದು. ಆದರೆ ನನ್ನ ಚಿಂತೆ ಇರುವುದು ಘಟಕದ ಹಿಂಭಾಗದಲ್ಲಿ.

ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಇಂಥದ್ದೇ ಒಂದು ಊರಿನ ಘಟಕ ನೋಡಲು ಹೋಗಿದ್ದೆ. ಮುಂದೆ ಎಲ್ಲವೂ ಚೆಂದ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ, ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದಾರೆ. ಹಿಂದೆ ಹೋಗಿ ನೋಡಿದರೆ ಗೋಡೆಯಿಂದ ಒಂದು ಪೈಪು ಹೊರಬಂದು ಚರಂಡಿಗೆ ಬಿದ್ದಿತ್ತು. ಚರಂಡಿ ಇಪ್ಪತ್ತು ಹೆಜ್ಜೆ ಆಚೆ ಒಂದು ಗುಂಡಿಯಲ್ಲಿ ಮುಗಿದಿತ್ತು. ಆ ಗುಂಡಿಯ ಪಕ್ಕದಲ್ಲೇ ಊರಿನ ಬೋರ್‌ವೆಲ್. ಗುಂಡಿಯ ಅಂಚಿನ ಮಣ್ಣು ಬೆಳ್ಳಗೆ ಪುಡಿಪುಡಿಯಾಗಿತ್ತು. ಒಬ್ಬ ಹುಡುಗಿ ಆ ಪೈಪಿನ ನೀರನ್ನು ಬಾಟಲಿಯಲ್ಲಿ ತಂದು ಲ್ಯಾಬಿನಲ್ಲಿ ಬೀಕರಿಗೆ ಹಾಕಿ ಆರಿಸಿದಳು. ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪದರ ನಿಂತಿತು. ಅವಳು ಅದನ್ನು ಉಗುರಿನಿಂದ ಕೆರೆದು ನೋಡಿ, ‘ಸರ್, ಇದು ತಿರುಗಿ ಅದೇ ಬೋರಿಗೆ ಹೋಗ್ತಿದೆ ಅಲ್ವಾ?’ ಎಂದಳು.

ನಮ್ಮ ವಿಷಯದಲ್ಲಿ ಮೊದಲ ವರ್ಷವೇ ಕಲಿಸುವ ಲೆಕ್ಕ ಇದು: ಒಳಗೆ ಬಂದದ್ದೆಲ್ಲ ಎಲ್ಲೋ ಒಂದು ಕಡೆ ಹೊರಗೆ ಬರಲೇಬೇಕು. ನಿಮ್ಮ ಊರಿನ ಲೆಕ್ಕವನ್ನೇ ಮಾಡೋಣ. ಘಟಕಕ್ಕೆ 1,000 ಲೀಟರ್ ನೀರು ಹೋಯಿತು ಎಂದುಕೊಳ್ಳಿ. ಅದರಲ್ಲಿ 2,500 ಮಿಲಿಗ್ರಾಂ ಫ್ಲೋರೈಡ್ ಇದೆ. 500 ಲೀಟರ್ ಒಳ್ಳೆಯ ನೀರು ಬಂತು, ಲೀಟರಿಗೆ 0.2ರಂತೆ ಅದರಲ್ಲಿ 100 ಮಿಲಿಗ್ರಾಂ ಮಾತ್ರ. ಉಳಿದ 2,400 ಎಲ್ಲಿ? ಹಿಂದಿನ ಪೈಪಿನ 500 ಲೀಟರಿನಲ್ಲಿ. ಅಂದರೆ ಲೀಟರಿಗೆ 4.8. ಬೋರ್ ನೀರಿಗಿಂತ ಸುಮಾರು ಎರಡು ಪಟ್ಟು.

ಆ ನೀರನ್ನು ದನಕ್ಕೆ ಕುಡಿಸಬೇಡಿ, ಇಂಗುಗುಂಡಿಗೆ ಬಿಡಬೇಡಿ. ತೋಟಕ್ಕೆ ದಿನಾ ಬಿಟ್ಟರೆ ಮಣ್ಣು ಉಪ್ಪೇರುತ್ತದೆ. ಶಾಲೆಯ ಶೌಚಾಲಯಕ್ಕೆ, ನೆಲ ತೊಳೆಯಲು ಒಂದು ಟ್ಯಾಂಕಿನಲ್ಲಿ ಹಿಡಿದಿಡಬಹುದು. ಮಿಕ್ಕಿದ್ದನ್ನು ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿದ ಆಳವಿಲ್ಲದ ತೊಟ್ಟಿಯಲ್ಲಿ ಬಿಸಿಲಿಗೆ ಆರಿಸಬೇಕು. ಪಾವಗಡದಲ್ಲಿ ಬಿಸಿಲಿಗೇನು ಬರ ಹೇಳಿ. ಗ್ರಾಮಸಭೆಯಲ್ಲಿ ಈ ಒಂದು ಪೈಪಿನ ವಿಷಯ ಎತ್ತಿ.

ಇನ್ನೊಂದು ದಾರಿ ಮಳೆನೀರು. ಅದರಲ್ಲಿ ಫ್ಲೋರೈಡ್ ಇಲ್ಲ ಎನ್ನುವಷ್ಟು ಕಡಿಮೆ. ಚಾವಣಿಯಿಂದ ಹಿಡಿದು, ಮೊದಲ ಮಳೆಯ ಕೊಳೆ ಬಿಟ್ಟು, ಸೋಸಿ ತೊಟ್ಟಿ ತುಂಬಿಸಿ. ಬೋರ್ ನೀರಿಗೆ ಸಮಸಮ ಬೆರೆಸಿದರೂ 2.5 ಇದ್ದದ್ದು 1.25ಕ್ಕೆ ಇಳಿಯುತ್ತದೆ. ಮುಕ್ಕಾಲು ಪಾಲು ಮಳೆನೀರಾದರೆ 1ರ ಒಳಗೇ ಬರುತ್ತದೆ. ಇದರಲ್ಲಿ ಹಿಂದಿನ ಪೈಪೇ ಇಲ್ಲ. ಕುಡಿಯುವ ಮುಂಚೆ ಕುದಿಸಿ. ರೋಗಾಣುವಿಗೆ ಕುದಿಸುವುದೇ ಸರಿಯಾದ ಮದ್ದು.

ಪ್ರಶ್ನೆ: ಬೆಂಗಳೂರಿನಲ್ಲಿದ್ದೇವೆ, ಮನೆಗೆ ಕಾವೇರಿ ನೀರು ಬರುತ್ತದೆ. ಟಿಡಿಎಸ್ ಮೀಟರ್ ಹಿಡಿದು ಬಂದ ಮಾರಾಟಗಾರ ಆರ್‌ಒ (ಮೆಂಬ್ರೇನಿನಿಂದ ನೀರು ಶುದ್ಧ ಮಾಡುವ ಯಂತ್ರ) ಹಾಕಿಸಲೇಬೇಕು ಎನ್ನುತ್ತಿದ್ದಾರೆ.

ಉತ್ತರ: ಬೇಡ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣ. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ಮಾನಕ. ಕಾವೇರಿ ನೀರಿನದು ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಕಡಿಮೆ. ಆ ಮೀಟರ್ ಒಟ್ಟು ಉಪ್ಪಿನ ಅಂದಾಜು ಕೊಡುತ್ತದೆ. ರೋಗಾಣು ಇದೆಯಾ, ಫ್ಲೋರೈಡ್ ಇದೆಯಾ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಸಂಪು, ಟ್ಯಾಂಕು ಸ್ವಚ್ಛ ಇಟ್ಟುಕೊಳ್ಳಿ. ಸಾದಾ ಫಿಲ್ಟರ್ ಜೊತೆ ಯುವಿ (ರೋಗಾಣು ಕೊಲ್ಲುವ ಅತಿನೇರಳೆ ಬೆಳಕು) ಇದ್ದರೆ, ಇಲ್ಲವೇ ಕುದಿಸಿ ಕುಡಿದರೆ ಸಾಕು.

ಆರ್‌ಒ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಉಪ್ಪುನೀರನ್ನು ಸಿಹಿ ಮಾಡಲೆಂದೇ ಹುಟ್ಟಿದ ವಿದ್ಯೆ ಅದು. ಕೆಲಸಕ್ಕೆ ಬರುವ ಮೊದಲ ಮೆಂಬ್ರೇನನ್ನು 1960ರ ಹೊತ್ತಿಗೆ ಲಾಸ್ ಏಂಜಲೀಸಿನಲ್ಲಿ ಮಾಡಿ ತೋರಿಸಿದವರು ಸಿಡ್ನಿ ಲೋಬ್ ಮತ್ತು ನಮ್ಮ ಭಾರತದಿಂದ ಹೋದ ಶ್ರೀನಿವಾಸ ಸೌರಿರಾಜನ್. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗ ಎಂಬ ಊರಿನ ಉಪ್ಪುಪ್ಪು ಅಂತರ್ಜಲಕ್ಕೆ ಅದನ್ನು ಬಳಸಿದರು. ಆ ಊರಿಗೆ ಬೇಕಿತ್ತು, ಪಾವಗಡಕ್ಕೂ ಬೇಕು. ನಿಮ್ಮ ಅಡುಗೆಮನೆಗೆ ಬೇಡ. ಈಗಾಗಲೇ ಹಾಕಿಸಿದವರು ಅದರ ಪಕ್ಕದ ತೆಳು ಪೈಪಿಗೆ ಒಂದು ಬಕೆಟ್ ಇಟ್ಟು ನೋಡಿ. ಎಷ್ಟೋ ಮನೆಗಳಲ್ಲಿ ಒಂದು ಬಿಂದಿಗೆ ಕುಡಿಯುವ ನೀರಿಗೆ ಎರಡು ಮೂರು ಬಿಂದಿಗೆ ಚರಂಡಿಗೆ ಹೋಗುತ್ತಿರುತ್ತದೆ.

ಪ್ರಶ್ನೆ: ವರ್ತೂರು ಕಡೆಯ ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೊರೆ ಉಕ್ಕುತ್ತದೆ. ರಾತ್ರಿ ಕೊಳೆತ ಮೊಟ್ಟೆಯ ವಾಸನೆ. ನೊರೆ ಇಳಿಸುವ ದ್ರಾವಣ ಸುರಿದರೆ ಸಾಕು ಎನ್ನುತ್ತಾರೆ ನಿರ್ವಾಹಕರು.

ಉತ್ತರ: ಆ ದ್ರಾವಣ ಗುಳ್ಳೆ ಒಡೆಯುತ್ತದೆ, ಡಿಟರ್ಜೆಂಟನ್ನು ತೆಗೆಯುವುದಿಲ್ಲ. ಅದು ನೀರಿನಲ್ಲೇ ಉಳಿದು ಮುಂದಕ್ಕೆ ಹೋಗುತ್ತದೆ. ಬೆಳ್ಳಂದೂರು ಕೆರೆಯ ಕೋಡಿಯಲ್ಲಿ ನೀರು ಧುಮುಕುವಾಗ ರಸ್ತೆಗೆ ಹಾರುತ್ತಿದ್ದ ನೊರೆ ನೆನಪಿದೆಯಲ್ಲ? 2015ರಲ್ಲಿ ಅದಕ್ಕೆ ಬೆಂಕಿಯೂ ಹತ್ತಿತ್ತು. ಅಲ್ಲಿಗೆ ಸೇರಿದ್ದು ನಮ್ಮ ನಿಮ್ಮ ಬಚ್ಚಲಿನ ನೀರೇ.

ಎಸ್‌ಟಿಪಿಯಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಅವಕ್ಕೆ ಗಾಳಿ ಬೇಕು. ರಾತ್ರಿ ಕರೆಂಟು ಉಳಿಸಲು ಗಾಳಿ ಊದುವ ಬ್ಲೋವರ್ ನಿಲ್ಲಿಸುತ್ತಿದ್ದಾರಾ ಎಂದು ನೋಡಿ. ಗಾಳಿ ನಿಂತ ಕೆಲವೇ ಗಂಟೆಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ನಿಮಗೆ ಬರುವ ವಾಸನೆ ಅದರದ್ದೇ. ಫಿನಾಯಿಲ್, ಬ್ಲೀಚಿಂಗ್ ಪೌಡರ್ ಬಕೆಟ್‌ಗಟ್ಟಲೆ ಸುರಿದರೂ ಆ ಬ್ಯಾಕ್ಟೀರಿಯಾ ಸಾಯುತ್ತವೆ.

ಒಂದು ಪರೀಕ್ಷೆ ನೀವೇ ಮಾಡಬಹುದು. ಗಾಳಿ ಊದುವ ತೊಟ್ಟಿಯಿಂದ ಒಂದು ಲೀಟರ್ ನೀರನ್ನು ಉದ್ದನೆಯ ಗಾಜಿನ ಜಾರಿಗೆ ತುಂಬಿ, ಅಲುಗಿಸದೆ ಅರ್ಧ ಗಂಟೆ ಬಿಡಿ. ಕಂದು ಕೆಸರು ಕೆಳಗೆ ಕೂತು, ಮೇಲೆ ತಿಳಿನೀರು ನಿಲ್ಲಬೇಕು. ಕೆಸರು ಜಾರಿನ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಿದ್ದರೆ ಒಳ್ಳೆಯ ಲಕ್ಷಣ. ತಳದಲ್ಲಿ ಏನೂ ಕೂರದೆ, ಮೇಲೆ ಬಿಳಿ ನೊರೆ ಇದ್ದರೆ ಬ್ಯಾಕ್ಟೀರಿಯಾ ಸಾಲುತ್ತಿಲ್ಲ. ಆಗ ಚೆನ್ನಾಗಿ ನಡೆಯುವ ಬೇರೆ ಎಸ್‌ಟಿಪಿಯಿಂದ ಕೆಸರು ತಂದು ಹಾಕಬೇಕು, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಕಂದು ಬಣ್ಣದ ಜಿಡ್ಡು ನೊರೆಯಾದರೆ ಬಹುತೇಕ ಉಲ್ಟಾ. ಕೆಸರು ಹಳೆಯದಾಗಿದೆ, ತೆಗೆಯಬೇಕು.

ತೆಗೆದ ಕೆಸರನ್ನು ಯಾರು, ಎಲ್ಲಿಗೆ ಒಯ್ಯುತ್ತಾರೆ ಎಂಬುದನ್ನೂ ನಿರ್ವಾಹಕರ ಹತ್ತಿರ ಕೇಳಿ. ತೆಗೆದ ದಿನ, ಲೋಡು, ಒಯ್ದ ಜಾಗ ಮೂರನ್ನೂ ಬರೆದಿಟ್ಟ ಪುಸ್ತಕ ಇರಬೇಕು. ಇಲ್ಲದಿದ್ದರೆ ಇದೇ ತಿಂಗಳಿಂದ ಬರೆಸಲು ಶುರು ಮಾಡಿ.