ಒಂದ ಗಾಲಿಯ ಪ್ಯಾಡ್ ಯಾಕ ಸವೀತೈತಿ: ಹಳೇ ಡಿಜೈರ್ ಬ್ರೇಕಿನ ಪ್ರಶ್ನೆಗೆ ಉತ್ತರ

ನಮಸ್ಕಾರ್ರೀ. ಬೆಳಗಾವಿಯಿಂದ ಕೇಳಿದ ನಿಮ್ಮ ಪ್ರಶ್ನೆ, ಜೋಡಿಗೆ ಹಾಕಿದ ಫೋಟೋ ಎರಡೂ ನೋಡಿ ಬರಿಯಾಕತ್ತೀನಿ. 2011ರ ಡಿಜೈರ್ ಪೆಟ್ರೋಲ್, 86,000 ಕಿ.ಮೀ. ಓಡೈತಿ. ಮುಂದಿನ ಗಾಲಿಯ ಬ್ರೇಕ್ ಪ್ಯಾಡ್ (ಡಿಸ್ಕನ್ನ ಎರಡೂ ಕಡೆಯಿಂದ ಹಿಡಿಯೋ ತುಂಡು) ಹಾಕಿಸಿ 14 ತಿಂಗಳಷ್ಟ ಆಗೈತಿ, ಆಗಲೇ ಎಡಗಾಲಿಯಿಂದ ಕೀಚ್ ಅಂತ ಸದ್ದು ಬರತೈತಿ, ಪೆಡಲ್ ಮೊದಲಿಗಿಂತ ಕೆಳಗ ಹೋಗತೈತಿ. ಗ್ಯಾರೇಜಿನವರು ಡಿಸ್ಕ್ (ಗಾಲಿ ಜೋಡಿ ತಿರಗೋ ಲೋಹದ ತಟ್ಟಿ), ಪ್ಯಾಡ್, ಹಿಂದಿನ ಶೂ (ಹಿಂದಿನ ಗಾಲಿಯ ಡ್ರಮ್ಮನ್ನ ಒಳಗಿಂದ ಒತ್ತೋ ತುಂಡು) ಎಲ್ಲಾ ಬದಲಿಸಬೇಕು ಅಂದಾರ. ಮುಂದಿನ ತಿಂಗಳು ಮನಿ ಮಂದಿನ್ನ ಕರ್ಕೊಂಡು ಚೋರ್ಲಾ ಘಾಟ್ ಇಳಿದು ಗೋವಾಕ್ಕ ಹೋಗೂದೈತಿ. ಎಲ್ಲಾ ಬದಲಿಸೂದು ಖರೇನ ಬೇಕಾ ಅಂತ ನಿಮ್ಮ ಪ್ರಶ್ನೆ.

ಅರ್ಧ ಉತ್ತರ ನಿಮ್ಮ ಫೋಟೋದಾಗ ಐತಿ. ಎಡಗಾಲಿಯ ಒಳಗಿನ ಪ್ಯಾಡ್ 2 ಮಿ.ಮೀ. ಉಳಿದೈತಿ, ಅದ ಗಾಲಿಯ ಹೊರಗಿನ ಪ್ಯಾಡ್ ಇನ್ನೂ 6 ಮಿ.ಮೀ. ಐತಿ. ಇದು ಪ್ಯಾಡಿನ ತಪ್ಪಲ್ಲ, ಹೆಚ್ಚಾಗಿ ಕ್ಯಾಲಿಪರ್ (ಪ್ಯಾಡ್ ಹಿಡ್ಕೊಂಡು ಡಿಸ್ಕಿಗೆ ಒತ್ತೋ ಭಾಗ) ಜಾರದ ಇರೂದರ ತಪ್ಪು. ಈಗ ಪ್ಯಾಡ್ ಅಷ್ಟ ಬದಲಿಸಿದ್ರ ಮುಂದಿನ ವರ್ಷ ಇದ ಫೋಟೋ ಮತ್ತ ಹಾಕಬೇಕಾಗತೈತಿ.

ಯಾಕಂದ್ರ ಈ ಗಾಡಿಯ ಕ್ಯಾಲಿಪರ್‌ದಾಗ ಪಿಸ್ಟನ್ ಒಳಗಿನ ಕಡೆ ಅಷ್ಟ ಇರತೈತಿ. ಪೆಡಲ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನ ಡಿಸ್ಕಿಗೆ ಒತ್ತತೈತಿ, ಆಮ್ಯಾಲ ಇಡೀ ಕ್ಯಾಲಿಪರ್ ಎರಡು ಪಿನ್ ಮ್ಯಾಲ ಜಾರಿ ಹೊರಗಿನ ಪ್ಯಾಡನ್ನೂ ಎಳ್ಕೊಂಡು ಬರತೈತಿ. ಪಿನ್ ಒಳಗ ಗ್ರೀಸ್ ಒಣಗಿದ್ರ, ರಬ್ಬರ್ ಬೂಟ್ ಹರಿದು ನೀರು ಹೊಕ್ಕು ತುಕ್ಕು ಹಿಡಿದ್ರ, ಕ್ಯಾಲಿಪರ್ ಜಾರೂದಿಲ್ಲ. ಎಲ್ಲಾ ಕೆಲಸ ಒಳಗಿನ ಪ್ಯಾಡಿನ ಮ್ಯಾಲ ಬೀಳತೈತಿ, ಪೆಡಲ್ ಬಿಟ್ಟ ಮ್ಯಾಲೂ ಅದು ಡಿಸ್ಕಿಗೆ ತಿಕ್ಕತಿರತೈತಿ. ಬೆಳಗಾವಿ ಮಳೆಯಾಗ ವಾರಗಟ್ಟಲೆ ನಿಂತ ಗಾಡಿಗೆ ಇದು ಭಾಳ ಸಾಮಾನ್ಯ. ಕಡಿಮಿ ಓಡೈತಿ ಅಂದ್ರ ಬ್ರೇಕ್ ಚಲೋ ಐತಿ ಅಂತ ತಿಳ್ಕೋಬ್ಯಾಡ್ರಿ. ಹಳೇ ಗಾಡಿಯ ಬ್ರೇಕ್ ಕಿಲೋಮೀಟರಿಗಿಂತ ವರ್ಷದ ಲೆಕ್ಕಕ್ಕ ಹಾಳಾಗತೈತಿ.

ಕೆಲಸ ಹೆಂಗ ಮಾಡಿಸಬೇಕು ಅಂದ್ರ, ಗಾಡಿ ಸಪಾಟ್ ನೆಲದ ಮ್ಯಾಲ ನಿಲ್ಲಿಸಿ, ಹಿಂದಿನ ಗಾಲಿಗೆ ಅಡ್ಡ ಕೊಟ್ಟು, ಜ್ಯಾಕ್ ಏರಿಸಿದ ಮ್ಯಾಲ ಸ್ಟ್ಯಾಂಡ್ ಇಡ್ರಿ. ಇಟ್ಟಂಗಿ ಕಲ್ಲು ನಂಬಬ್ಯಾಡ್ರಿ. ಕ್ಯಾಲಿಪರ್ ಬಿಚ್ಚಿದ ಮ್ಯಾಲ ಅದನ್ನ ಹೋಸ್ ಪೈಪಿಗೆ ಜೋತುಬಿಡಬಾರದು, ತಂತಿಯಿಂದ ಸ್ಪ್ರಿಂಗಿಗೆ ಕಟ್ರಿ. ಈಗ ಎರಡೂ ಪಿನ್ ಕೈಯಾಗ ಹಿಡಿದು ಎಳೀರಿ. ಚಲೋ ಇದ್ದದ್ದು ಎರಡು ಬೆರಳಿನಾಗ ಜಾರಿ ಬರತೈತಿ. ಇಕ್ಕಳ ಬೇಕಾತು ಅಂದ್ರ ರೋಗ ಅಲ್ಲೇ ಐತಿ. ಮ್ಯಾಲಿನ ಪಿನ್, ಕೆಳಗಿನ ಪಿನ್ ಎಷ್ಟೋ ಗಾಡಿಯಾಗ ಬ್ಯಾರೆ ಬ್ಯಾರೆ ಇರತಾವ, ಒಂದಕ್ಕ ತುದಿಯಾಗ ರಬ್ಬರ್ ಬುಷ್ ಇರತೈತಿ. ಅದಲು ಬದಲು ಮಾಡಬ್ಯಾಡ್ರಿ.

ಪಿನ್ ಮ್ಯಾಲ ಉಗುರು ಎಳದು ನೋಡ್ರಿ. ಗುಂಡಿ ಗುಂಡಿ ಹತ್ತಿದ್ರ ಪಿನ್ ಮತ್ತ ಬೂಟ್ ಹೊಸಾವು ಹಾಕ್ರಿ. ಬರೇ ಕಪ್ಪ ಅಂಟು ಇದ್ರ ಬ್ರೇಕ್ ಕ್ಲೀನರ್‌ದಿಂದ ಒರಸ್ರಿ, ತೂತನ್ನೂ ಸಣ್ಣ ಬ್ರಷ್ ಹಾಕಿ ಸ್ವಚ್ಛ ಮಾಡ್ರಿ. ಹಚ್ಚೂದು ಬ್ರೇಕಿಗಂತನ ಇರೋ ಸಿಲಿಕಾನ್ ಗ್ರೀಸ್, ಬೇರಿಂಗಿಗೆ ಹಾಕೋ ಮಾಮೂಲಿ ಗ್ರೀಸ್ ಅಲ್ಲ. ಪೆಟ್ರೋಲಿಯಂ ಗ್ರೀಸ್ ತಾಗಿದ್ರ ಬ್ರೇಕಿನ ರಬ್ಬರ್ ಉಬ್ಬತೈತಿ, ಪಿನ್ ಮತ್ತ ಹಿಡ್ಕೋತೈತಿ. ಗ್ರೀಸ್ ತೆಳ್ಳಗ ಸವರಿದ್ರ ಸಾಕು, ತೂತು ತುಂಬ ತುಂಬಿದ್ರ ಪಿನ್ ಒಳಗ ಹೋಗೂದಿಲ್ಲ.

ಪಿನ್ ಸಲೀಸಾಗಿ ಇದ್ರೂ ಪ್ಯಾಡ್ ತಿಕ್ಕಿದ್ರ ಪಿಸ್ಟನ್ ನೋಡಬೇಕು. ಹಳೇ ಪ್ಯಾಡ್ ಅಡ್ಡ ಇಟ್ಟು ಜಿ ಕ್ಲ್ಯಾಂಪ್‌ದಿಂದ ನಿಧಾನ ಒತ್ತರಿ. ಅದಕ್ಕ ಮೊದಲ ಬ್ರೇಕ್ ಆಯಿಲ್ ಡಬ್ಬಿಯಿಂದ ಸ್ವಲ್ಪ ಆಯಿಲ್ ತಗೀರಿ, ಇಲ್ಲಾಂದ್ರ ಉಕ್ಕಿ ಬಾನೆಟ್ ಕೆಳಗಿನ ಬಣ್ಣ ತಿಂತೈತಿ. ಪಿಸ್ಟನ್ ಒಳಗ ಹೋಗದ ಗಟ್ಟಿ ಆತು ಅಂದ್ರ ಬ್ಲೀಡ್ ನಿಪ್ಪಲ್ (ಕ್ಯಾಲಿಪರ್‌ದಿಂದ ಆಯಿಲ್ ಹೊರಗ ಬಿಡೋ ಸಣ್ಣ ಸ್ಕ್ರೂ) ಸಡಲ ಮಾಡಿ ಮತ್ತ ಒತ್ತರಿ. ಆಗ ಸಲೀಸ ಹೋದ್ರ ಪಿಸ್ಟನ್ ಸರಿ ಐತಿ, ರಬ್ಬರ್ ಹೋಸ್ ಒಳಗ ಉಬ್ಬಿ ಆಯಿಲ್ ವಾಪಸ್ ಬಿಡವಲ್ಲದು ಅಂತ ತಿಳೀರಿ. ನಿಪ್ಪಲ್ ಬಿಚ್ಚಿದ್ರೂ ಹೋಗಲಿಲ್ಲಂದ್ರ ಪಿಸ್ಟನ್ ತುಕ್ಕು ಹಿಡಿದೈತಿ, ಸೀಲ್ ಕಿಟ್ ಹಾಕಬೇಕು, ಪಿಸ್ಟನ್ ಮ್ಯಾಲ ಗುಂಡಿ ಬಿದ್ದಿದ್ರ ಪಿಸ್ಟನ್ನೂ ಬದಲಿಸಬೇಕು. 14 ವರ್ಷ ದಾಟಿದ ಹೋಸ್ ಹೊರಗ ಚಂದ ಕಂಡ್ರೂ ಬದಲಿಸೂದು ಚಲೋ, ಅದಕ್ಕ ರೊಕ್ಕ ಉಳಿಸಬ್ಯಾಡ್ರಿ.

ಪ್ಯಾಡ್ ಕೂಡೋ ಸ್ಟೀಲ್ ಕ್ಲಿಪ್ ಕೆಳಗ ತುಕ್ಕು ಬೆಳೆದು ಕ್ಲಿಪ್‌ನ್ನ ಮ್ಯಾಲ ಎತ್ತತೈತಿ, ಪ್ಯಾಡ್ ಬಿಗಿ ಆಗತೈತಿ. ಕ್ಲಿಪ್ ತಗದು ವೈರ್ ಬ್ರಷ್ ಹಾಕ್ರಿ. ಪ್ಯಾಡ್ ಮಾತ್ರ ಎರಡೂ ಗಾಲಿಗೆ ಕೂಡೇ ಹೊಸಾವು, ಒಂದ ಕಡೆ ಅಷ್ಟ ಹಾಕಿದ್ರ ಗಾಡಿ ಒಂದ ಕಡೆ ಎಳೀತೈತಿ.

ಇನ್ನ ಡಿಸ್ಕ್. ಬದಲಿಸಬೇಕೋ ಬ್ಯಾಡೋ ಅನ್ನೂದನ್ನ ಕಣ್ಣಿನಿಂದ ಹೇಳಾಕ ಆಗೂದಿಲ್ಲ. ಎಷ್ಟು ದಪ್ಪಕ್ಕಿಂತ ಕೆಳಗ ಸವೀಬಾರದು ಅಂತ ಡಿಸ್ಕಿನ ಮ್ಯಾಲನ ಅಚ್ಚು ಒತ್ತಿರತಾರ, ತುಕ್ಕು ಒರಸಿದ್ರ ಕಾಣತೈತಿ. ಅಂಚಿನಿಂದ 10 ಮಿ.ಮೀ. ಒಳಗ, ಸುತ್ತ ನಾಕೈದು ಕಡೆ ಮೈಕ್ರೋಮೀಟರ್ ಹಚ್ಚಿ ಅಳೀರಿ. ವರ್ನಿಯರ್ ಹಚ್ಚಿದ್ರ ಸವೀದ ಇರೋ ಹೊರ ಅಂಚಿಗೆ ತಾಗಿ ದಪ್ಪ ಹೆಚ್ಚು ತೋರಸತೈತಿ, ಮೋಸ ಹೋಗೂದು ಅಲ್ಲೇ. ಒತ್ತಿದ ಅಂಕಿಗಿಂತ ಚಲೋ ಮ್ಯಾಲ ಇದ್ದು, ಆಳಾದ ಗೆರಿ, ಸೀಳು ಇಲ್ಲಂದ್ರ ಡಿಸ್ಕ್ ಇರ್ಲಿ. ಗ್ಯಾರೇಜಿನವರಿಗೆ ಅಳತಿ ಎಷ್ಟು ಬಂತು ಅಂತ ಕೇಳ್ರಿ. ಅಂಕಿ ಹೇಳದ ಬದಲಿಸ್ರಿ ಅಂದ್ರ ಒಪ್ಪಬ್ಯಾಡ್ರಿ.

ಪೆಡಲ್ ಕೆಳಗ ಹೋಗೂದಕ್ಕ ಮುಂದಿನ ಪ್ಯಾಡ್ ಸವೆದದ್ದು ಕಾರಣ ಅಲ್ಲ, ಪ್ಯಾಡ್ ಸವೆದಂಗ ಪಿಸ್ಟನ್ ತಾನ ಮುಂದ ಬರತೈತಿ. ಹಿಡಿದ ಪಿನ್ನೂ ಸ್ವಲ್ಪ ಕಾರಣ ಇರಬಹುದು, ಆದ್ರ ಮೊದಲ ಹಿಂದಿನ ಡ್ರಮ್ ಬಿಚ್ಚಿ ನೋಡ್ರಿ. ಒಳಗಿನ ಧೂಳು ಏರ್ ಹೊಡೆದು ಹಾರಸಬಾರದು, ಹಸಿ ಬಟ್ಟಿಲೆ ಒರಸಬೇಕು. ವೀಲ್ ಸಿಲಿಂಡರಿನ (ಆಯಿಲ್ ಒತ್ತಡದಿಂದ ಶೂ ತಳ್ಳೋ ಸಣ್ಣ ಸಿಲಿಂಡರ್) ರಬ್ಬರ್ ಟೊಪ್ಪಿಗಿ ಸ್ವಲ್ಪ ಎತ್ತಿದಾಗ ಹಸಿ ಕಂಡ್ರ ಸಿಲಿಂಡರ್ ಸೋರಾಕತ್ತೈತಿ. ಆಯಿಲ್ ಕುಡಿದ ಶೂ ಒರಸಿ ವಾಪಸ್ ಹಾಕಬ್ಯಾಡ್ರಿ, ಎರಡೂ ಕಡೆ ಬದಲಿಸ್ರಿ. ಶೂ ದಪ್ಪ ಚಲೋ ಇದ್ರ ಅಡ್ಜಸ್ಟರ್ (ಶೂ ಡ್ರಮ್ಮಿಗೆ ಹತ್ರ ಇರೂವಂಗ ಹೊಂದಿಸೋ ಭಾಗ) ತುಕ್ಕು ಬಿಡಿಸಿ ತಿರಗುವಂಗ ಮಾಡಿದ್ರ ಸಾಕು. ಎಷ್ಟೋ ಮಿಸ್ತ್ರಿಗಳು ಇಲ್ಲೊಂದು ತಪ್ಪು ಮಾಡತಾರ: ಹ್ಯಾಂಡ್‌ಬ್ರೇಕ್ ಸಡಲ ಆತು ಅಂತ ಕೇಬಲ್ ಬಿಗೀತಾರ. ಕೇಬಲ್ ಬಿಗಿ ಆದ್ರ ಒಳಗಿನ ಲಿವರ್ ಪೂರ್ತಿ ಹಿಂದ ಬರೂದಿಲ್ಲ, ತಾನ ಹೊಂದಿಕೊಳ್ಳೋ ಅಡ್ಜಸ್ಟರ್ ಕೆಲಸಾನ ಮಾಡೂದಿಲ್ಲ, ಪೆಡಲ್ ಇನ್ನೂ ಕೆಳಗ ಹೋಗತೈತಿ. ಮೊದಲ ಶೂ ಹೊಂದಿಸಬೇಕು, ಕೇಬಲ್ ಕಡೀಕ.

ಚೋರ್ಲಾಕ್ಕ ಹೋಗೂಕಿಂತ ಮೊದಲ ಬ್ರೇಕ್ ಆಯಿಲ್ ಬದಲಿಸೂದನ್ನ ಮಾತ್ರ ಬಿಡಬ್ಯಾಡ್ರಿ. ಅದು ಗಾಳಿಯಾಗಿನ ತೇವ ಎಳ್ಕೋತೈತಿ. ಡಾಟ್ 3, ಡಾಟ್ 4 ಅಂದ್ರ ಬ್ರೇಕ್ ಆಯಿಲಿನ ದರ್ಜೆ. ಡಾಟ್ 3 ಹೊಸಾದಿದ್ದಾಗ ಕುದಿಯೋ ಮಟ್ಟ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ನೀರು ಕುಡಿದ ಮ್ಯಾಲ 140. ಡಾಟ್ 4ಕ್ಕ 230 ಮತ್ತ 155. ಘಾಟ್ ಇಳಿಯೂ ಮುಂದ ಪೆಡಲ್ ಮ್ಯಾಲ ಕಾಲು ಇಟ್ಟ ಇದ್ರ ಹಳೇ ಆಯಿಲ್ ಕುದ್ದು ಗುಳ್ಳಿ ಏಳತೈತಿ, ಗುಳ್ಳಿ ಒತ್ತಡಕ್ಕ ಕುಗ್ಗತೈತಿ, ಪೆಡಲ್ ನೆಲ ಮುಟ್ಟತೈತಿ. ಎರಡು ವರ್ಷಕ್ಕೊಮ್ಮೆ ಬದಲಿಸ್ರಿ. ಡಬ್ಬಿ ಮುಚ್ಚಳದ ಮ್ಯಾಲ ಬರೆದದ್ದನ್ನ ಹಾಕ್ರಿ, ಹೊಸಾ ಸೀಲ್ ಡಬ್ಬಿ ಇರ್ಲಿ, ಹೋದ ವರ್ಷ ಒಡೆದು ಇಟ್ಟದ್ದು ಬ್ಯಾಡ. ಬ್ಲೀಡ್ ಮಾಡೂ ಮುಂದ (ಪೈಪಿನಾಗಿನ ಹಳೇ ಆಯಿಲ್, ಗಾಳಿ ಹೊರಗ ಬಿಡೂ ಮುಂದ) ಪೆಡಲ್ ಕೆಳಗ ಒಂದು ಕಟ್ಟಿಗಿ ತುಂಡು ಇಡ್ರಿ. ಪೆಡಲ್ ಪೂರ್ತಿ ನೆಲಕ್ಕ ಒತ್ತಿದ್ರ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಗಾಲಿಗಳಿಗೆ ಆಯಿಲ್ ತಳ್ಳೋ ಭಾಗ) ಒಳಗಿನ ಸೀಲ್ ಎಂದೂ ಹೋಗದ ತುಕ್ಕಿನ ಜಾಗಕ್ಕ ಹೋಗಿ ಹರೀತೈತಿ. ಎಂಜಿನ್ ಚಾಲೂ ಇಟ್ಟು ಪೆಡಲ್ ಒತ್ತಿ ಹಿಡಿದಾಗ ಅದು ನಿಧಾನ ಇಳೀತಾ ಹೋದ್ರ, ಹೊರಗ ಎಲ್ಲೂ ಸೋರಿಕೆ ಇಲ್ಲಂದ್ರ, ಮಾಸ್ಟರ್ ಸಿಲಿಂಡರ್ ಒಳಗ ಸೋರಾಕತ್ತೈತಿ ಅಂತ ಅರ್ಥ.

ಹೊಸಾ ಪ್ಯಾಡ್ ಹಾಕಿ ಗಾಡಿ ಹೊರಡೂಕಿಂತ ಮೊದಲ ನಿಂತಲ್ಲೇ ಪೆಡಲ್ ಗಟ್ಟಿ ಆಗೂತನ ಒತ್ತರಿ, ಮೊದಲ ಎರಡು ಮೂರು ಸಲ ಅದು ಪೂರ್ತಿ ಒಳಗ ಹೋಗತೈತಿ. ಆಮ್ಯಾಲ ಖಾಲಿ ರಸ್ತೆದಾಗ 50ರಿಂದ 10ಕ್ಕ ಇಳಿಸೂದು, ಪೂರ್ತಿ ನಿಲ್ಲಸದ, ನಡುವ ಆರಾಕ ಬಿಟ್ಟು ಎಂಟ್ಹತ್ತು ಸಲ. ಅಥಣಿ, ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನಾಗ ದೀಪ ಇಲ್ಲದ ಟ್ರಾಲಿ ಹಿಂದ ಒಮ್ಮೆಲೆ ಬ್ರೇಕ್ ಹಾಕೂ ಪ್ರಸಂಗ ಬರತೈತಿ, ಹೊಸಾ ಪ್ಯಾಡ್ ಕೂಡೂತನ ರಾತ್ರಿ ಆ ರಸ್ತೆಗೆ ಹೋಗಬ್ಯಾಡ್ರಿ. ಘಾಟ್‌ದಾಗ ಎರಡು ಅಥವಾ ಮೂರನೇ ಗೇರಿನಾಗ ಇಳೀರಿ, ನ್ಯೂಟ್ರಲ್ ಎಂದೂ ಬ್ಯಾಡ.

ಉಳಿದ ಸರ್ವಿಸ್: ಎಂಜಿನ್ ಆಯಿಲ್ 10,000 ಕಿ.ಮೀ. ಇಲ್ಲಾ ಒಂದು ವರ್ಷ, ಯಾವುದು ಮೊದಲೋ ಅದು. ವಿಜಯಪುರ, ಬಾಗಲಕೋಟಿ ಎರಿಮಣ್ಣಿನ ಧೂಳಿನಾಗ ಓಡಿಸೋರು ಏರ್ ಫಿಲ್ಟರ್ ಪುಸ್ತಕದ ಲೆಕ್ಕಕ್ಕಿಂತ ಮೊದಲ ನೋಡ್ರಿ. ನಿಮ್ಮ 1.2 ಕೆ ಸೀರೀಸ್ ಎಂಜಿನ್‌ಗೆ ಟೈಮಿಂಗ್ ಚೈನ್ ಐತಿ, ಬೆಲ್ಟ್ ಚಿಂತಿ ಇಲ್ಲ. ಟೈರ್ ಅಂಚಿನ ಕೊನೇ ನಾಕು ಅಂಕಿ ನೋಡ್ರಿ, 2319 ಅಂದ್ರ 2019ರ 23ನೇ ವಾರದ್ದು. 2011ರ ಗಾಡಿಗೆ 2026ಕ್ಕ 15 ವರ್ಷ ಆಗತೈತಿ, ಆರ್‌ಸಿ ನವೀಕರಣಕ್ಕ ಬ್ರೇಕ್ ಸರಿ ಇರಬೇಕಾಗತೈತಿ.

ಎಲ್ಲಾ ಆದ ಮ್ಯಾಲ ಜಾಂಬೋಟಿ ರಸ್ತೆದಾಗ 15 ಕಿ.ಮೀ. ಬ್ರೇಕ್ ಕಡಿಮಿ ಹಾಕಿ ಓಡಸ್ರಿ. ಇಳಿದು ಮುಂದಿನ ಎರಡೂ ಗಾಲಿ ಹತ್ರ ಕೈ ಹಿಡೀರಿ, ಮುಟ್ಟಬ್ಯಾಡ್ರಿ. ಎಡಕ್ಕ ಬಿಸಿ ಜಾಸ್ತಿ ಇತ್ತು ಅಂದ್ರ ಇನ್ನೂ ಏನೋ ಹಿಡಿದೈತಿ, ಘಾಟ್ ಹತ್ತೂಕಿಂತ ಮೊದಲ ಮತ್ತ ಬಿಚ್ಚರಿ. ಬಲಗಾಲಿ ಪ್ಯಾಡ್ ಮತ್ತ ಎರಡೂ ಪಿನ್ನಿನ ಫೋಟೋ ಹಾಕ್ರಿ, ನೋಡಿ ಹೇಳೂಣು.