ಎಲ್ಲಕ್ಕೂ ಹಿಂದೊಂದು ಕಾರಣ ಇದ್ದೇ ಇರುವಾಗ ‘ಸ್ವತಂತ್ರ ಇಚ್ಛೆ’ ಎಂಬ ಮಾತಿಗೆ ಅರ್ಥವಿದೆಯೇ?

ಇದೆ ಅನ್ನುವುದು ನನ್ನ ಅಭಿಪ್ರಾಯ. ಒಂದೇ ಪದದಲ್ಲಿ ಎರಡು ಸಂಗತಿ ಸೇರಿಕೊಂಡಿರುವುದೇ ಗೊಂದಲಕ್ಕೆ ಮೂಲ. ಯಾರೂ ತಡೆಯದೆ, ಬೆದರಿಸದೆ ನಮಗೆ ಬೇಕಾದ್ದನ್ನು ಮಾಡುವುದು ಒಂದು. ಸೆರೆಮನೆಯಲ್ಲಿರುವವನಿಗೆ ಅದಿಲ್ಲ, ಹೊರಗಿರುವವನಿಗೆ ಇದೆ. 18ನೇ ಶತಮಾನದ ತತ್ವಜ್ಞಾನಿ ಡೇವಿಡ್ ಹ್ಯೂಮ್‌ಗೆ ಹೆಚ್ಚುಕಡಿಮೆ ಇಷ್ಟೇ ಸಾಕಿತ್ತು.

ಆ ‘ಬೇಕು’ ಕೂಡ ನಮ್ಮದೇ ಆಗಿರುವುದು ಇನ್ನೊಂದು. ಆದರೆ ಅದು ಎಲ್ಲಿಂದ ಬಂತು? ಕಷ್ಟ ಇರುವುದು ಇಲ್ಲಿ. ಎಸೆದ ಕಲ್ಲಿಗೆ ಪ್ರಜ್ಞೆ ಬಂದರೆ ಅದೂ ತನ್ನಿಷ್ಟದಿಂದಲೇ ಹಾರುತ್ತಿದ್ದೇನೆ ಅಂದುಕೊಳ್ಳುತ್ತದೆ ಎಂದು 17ನೇ ಶತಮಾನದಲ್ಲೇ ತತ್ವಜ್ಞಾನಿ ಸ್ಪಿನೋಜಾ ಹೇಳಿದ್ದ. ನಮ್ಮ ಆಸೆ ನಮಗೆ ಗೊತ್ತು, ಆಸೆಯ ಕಾರಣ ಗೊತ್ತಿಲ್ಲ.

ಇದಕ್ಕೆ ಅಮೆರಿಕದ ತತ್ವಜ್ಞಾನಿ ಹ್ಯಾರಿ ಫ್ರಾಂಕ್‌ಫರ್ಟ್ 1971ರಲ್ಲಿ ತೋರಿಸಿದ ದಾರಿ ನನಗೆ ಹಿಡಿಸಿತು. ಮನುಷ್ಯನಿಗೆ ಆಸೆಯಷ್ಟೇ ಅಲ್ಲ, ತನ್ನ ಆಸೆಯ ಬಗ್ಗೆಯೂ ಆಸೆ ಇರುತ್ತದೆ. ಚಟಕ್ಕೆ ಬಿದ್ದವನೊಬ್ಬ ‘ಈ ಹಂಬಲ ನನ್ನನ್ನು ನಡೆಸಬಾರದು’ ಎಂದು ಒದ್ದಾಡುತ್ತಾನೆ, ಆದರೂ ಸೋಲುತ್ತಾನೆ. ಅವನು ಕಳೆದುಕೊಂಡಿರುವುದೇ ಸ್ವತಂತ್ರ ಇಚ್ಛೆ. ಹಾಗೆ ನೋಡಿದರೆ ಕಾರಣ ಇದೆಯೋ ಇಲ್ಲವೋ ಅನ್ನುವುದಕ್ಕಿಂತ, ನಾವು ಒಪ್ಪಿದ ಆಸೆಯೇ ನಮ್ಮನ್ನು ನಡೆಸುತ್ತಿದೆಯೇ ಅನ್ನುವುದು ಮುಖ್ಯ. (ಆ ಒಪ್ಪಿಗೆಯೂ ಬೆಳೆದ ರೀತಿಯಿಂದ ಬಂದದ್ದಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ನನ್ನಲ್ಲಿ ಪೂರ್ತಿ ಉತ್ತರವಿಲ್ಲ.)

ಇನ್ನು, ಸ್ವತಂತ್ರ ಇಚ್ಛೆ ಬರೀ ಭ್ರಮೆ ಅನ್ನುವವರು ಮುಂದಿಡುವ, ನರವಿಜ್ಞಾನಿ ಬೆಂಜಮಿನ್ ಲಿಬೆಟ್‌ನ 1983ರ ಪ್ರಯೋಗ. ನಿರ್ಧಾರದ ಅರಿವಾಗುವುದಕ್ಕೆ ಸುಮಾರು ಮೂರನೇ ಒಂದು ಸೆಕೆಂಡ್ ಮೊದಲೇ ಮಿದುಳಿನಲ್ಲಿ ಚಟುವಟಿಕೆ ಶುರುವಾಗಿತ್ತು, ನಿಜ. ಆದರೆ ಅಲ್ಲಿ ಅಳೆದದ್ದು ಸುಮ್ಮನೆ ಕೈ ಅಲ್ಲಾಡಿಸುವುದನ್ನು. ಕೆಲಸ ಬಿಡಬೇಕೋ ಬೇಡವೋ ಎಂದು ಆರು ತಿಂಗಳು ಯೋಚಿಸುವುದನ್ನಲ್ಲ.