ಗೋವಾದಾಗ ಕೆಲಸ, ಹಾವೇರಿ ಕಾರ್ಡ್, ಹುಬ್ಬಳ್ಳಿಯಾಗ ಆಪರೇಷನ್

ಗೋವಾದ ವಾಸ್ಕೋದಲ್ಲಿ ದುಡಿಯುವ ಹಾವೇರಿಯ ಹೆಣ್ಣುಮಗಳು ಎಂಡೊಮೆಟ್ರಿಯೋಸಿಸ್ ಅನ್ನುವ ಮುಟ್ಟಿನ ನೋವಿನ ಕಾಯಿಲೆಯ ಆಪರೇಷನ್‌ಗೆ ಹುಬ್ಬಳ್ಳಿಗೇ ಯಾಕೆ ಬರಬೇಕು, ಖರ್ಚು ಎಷ್ಟಾಗುತ್ತದೆ ಅಂತ ಕೇಳಿದ್ದೀರಿ. ನಮ್ಮ ಕಡೆ ಇದು ಮಾಮೂಲು. ದುಡಿಮೆ ಗಡಿಯಾಚೆ, ರೇಷನ್ ಕಾರ್ಡ್ ಊರಲ್ಲಿ, ಆಸ್ಪತ್ರೆಯಲ್ಲಿ ಕಾಯಲು ಅತ್ತಿಗೆಯೋ ಚಿಗವ್ವನೋ ಇರುವುದೂ ಊರಲ್ಲೇ.

ಆ ಕಾರ್ಡಿಗೆ ಬೆಲೆ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವು. ಎಪಿಎಲ್‌ನವರಿಗೆ ಯೋಜನೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ 1.5 ಲಕ್ಷದೊಳಗೆ. ಆದರೆ ಕಾರ್ಡ್ ಹಿಡಿದು ನೇರ ಖಾಸಗಿ ಆಸ್ಪತ್ರೆಗೆ ಹೋದರೆ ನಡೆಯುವುದಿಲ್ಲ, ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆ ಚಿಕಿತ್ಸೆ ಸರ್ಕಾರಿಯಲ್ಲೇ ಆಗುವಂತಿದ್ದರೆ ಚೀಟಿ ಕೊಡುವುದಿಲ್ಲ, ಈಗ ಕೆಎಂಸಿಆರ್‌ಐ ಎನಿಸಿದ ಹುಬ್ಬಳ್ಳಿ ವಿದ್ಯಾನಗರದ ಕಿಮ್ಸ್‌ನಲ್ಲೋ ಗದಗಿನ ಜಿಮ್ಸ್‌ನಲ್ಲೋ ಪಾಳಿ ಹಚ್ಚಬೇಕು.

ಖಾಸಗಿಯಲ್ಲಿ ಎಷ್ಟಾಗುತ್ತದೆ ಅನ್ನುವುದಕ್ಕೆ ಒಂದೇ ಅಂಕಿ ಹೇಳುವವರನ್ನು ನಾನು ನಂಬುವುದಿಲ್ಲ. ಮೊದಲು ಕೇಳಬೇಕಾದ್ದು, ಯಾವ ಆಪರೇಷನ್ನಿಗೆ ಇಷ್ಟು ಅಂತ. ನಮ್ಮಲ್ಲಿ ಮುಟ್ಟಿನ ನೋವು ಅಂದರೆ ಸಾಕು, "ಗರ್ಭಚೀಲ ತಗಸಿಬಿಡ್ರಿ, ಕಿರಿಕಿರಿನ ಮುಗೀತದ" ಅನ್ನುವವರು ಮನೆಮನೆಯಲ್ಲೂ ಇದ್ದಾರೆ. ಅಗ್ಗದ ಎಸ್ಟಿಮೇಟ್ ಬಹಳ ಸಲ ಅಷ್ಟಕ್ಕೇ ಇರುತ್ತದೆ. ಎಂಡೊಮೆಟ್ರಿಯೋಸಿಸ್‌ನಲ್ಲಿ ಗರ್ಭಕೋಶದ ಒಳಪದರದಂಥ ಅಂಗಾಂಶ ಬೆಳೆಯುವುದು ಗರ್ಭಕೋಶದ ಹೊರಗೆ: ಅಂಡಾಶಯದಲ್ಲಿ ಹಳೆ ರಕ್ತ ತುಂಬಿದ ಗಂಟು (ಚಾಕೊಲೇಟ್ ಸಿಸ್ಟ್) ಆಗಿ, ಕರುಳಿಗೆ, ಮೂತ್ರನಾಳಕ್ಕೆ ಅಂಟಿಕೊಂಡು. ಅದನ್ನು ಬಿಟ್ಟು ಚೀಲ ಮಾತ್ರ ತೆಗೆದರೆ ನೋವು ಉಳಿಯಬಹುದು, ದುಡ್ಡು ಮಾತ್ರ ಹೋಗಿರುತ್ತದೆ.

ತೀವ್ರ ಹಂತದಲ್ಲಿ ಬಿಲ್ ಏರುವುದೂ ಇಲ್ಲಿಯೇ. ಸಣ್ಣ ರಂಧ್ರದಿಂದ ಮಾಡುವ ಲ್ಯಾಪರೊಸ್ಕೋಪಿಯಲ್ಲಿ ಅಂಟಿದ್ದನ್ನು ಬಿಡಿಸುತ್ತಾ ಆಪರೇಷನ್ ಥಿಯೇಟರಿನಲ್ಲಿ ತಾಸುಗಟ್ಟಲೆ ಹಿಡಿಯುತ್ತದೆ, ಅರಿವಳಿಕೆಯ ಚಾರ್ಜೂ ಅದರ ಜೊತೆಗೇ ಏರುತ್ತದೆ. ಕರುಳಿನ ತುಂಡು ತೆಗೆಯಬೇಕಾದರೆ ಕರುಳಿನ ಸರ್ಜನ್, ಕರುಳು ಜೋಡಿಸುವ ಸ್ಟೇಪ್ಲರ್; ಮೂತ್ರನಾಳಕ್ಕೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಬೇಕಾದರೆ ಯೂರಾಲಜಿಸ್ಟ್. ಹೊಟ್ಟೆ ತೆರೆದ ಮೇಲೆ "ಇಲ್ಲಿ ಆಗೂದಿಲ್ರಿ" ಅಂತ ಮುಚ್ಚಿದರೆ ಎರಡನೇ ಆಪರೇಷನ್ನಿಗೆ ಮತ್ತೆ ಹಣ ಹೊಂದಿಸಬೇಕು. ಅದಕ್ಕೇ ಎಂಆರ್‌ಐ ಮೊದಲೇ ಮಾಡಿಸಿ, ಈ ಸರ್ಜನ್, ಯೂರಾಲಜಿಸ್ಟ್ ಎಲ್ಲ ಆಪರೇಷನ್ ದಿನವೇ ಇರುತ್ತಾರಾ, ಅವರ ಫೀ ಪ್ಯಾಕೇಜಿನೊಳಗೋ ಹೊರಗೋ ಅಂತ ಕೇಳಿ, ಎಸ್ಟಿಮೇಟಿನಲ್ಲೇ ಬರೆಸಿಕೊಳ್ಳಿ. ಬಯಾಪ್ಸಿ (ತೆಗೆದ ಅಂಗಾಂಶದ ಪರೀಕ್ಷೆ), ರಕ್ತ, ಔಷಧಿ ಅಂಗಡಿಯ ಬಿಲ್ ಸಾಮಾನ್ಯವಾಗಿ ಬೇರೆ.

ಖಾಸಗಿ ವಿಮೆ ಇದ್ದವರು ಪಾಲಿಸಿಯ ಸಣ್ಣಕ್ಷರ ಓದಬೇಕು. ಎಂಡೊಮೆಟ್ರಿಯೋಸಿಸ್‌ಗೆ ಹಣ ಸಿಗಲು ಪಾಲಿಸಿ ಮಾಡಿಸಿದ ಮೇಲೆ ಎರಡು ವರ್ಷ ಕಾಯಬೇಕು ಅನ್ನುವ ಷರತ್ತು ಅನೇಕ ಪಾಲಿಸಿಗಳಲ್ಲಿದೆ.

ಇನ್ನು ಜನದ ಖರ್ಚು. ಇಲ್ಲಿ ಪೇಶಂಟ್ ಒಬ್ಬಳೇ ಅಡ್ಮಿಟ್ ಆಗುವುದಿಲ್ಲ, ಮನೆಯೇ ಬಂದು ಕೂಡುತ್ತದೆ. ಬುತ್ತಿಯ ರೊಟ್ಟಿ ಎರಡು ದಿನ ನಡೆಯುತ್ತದೆ, ಆಮೇಲೆ ಖಾನಾವಳಿ. ಡಿಸ್ಚಾರ್ಜ್ ಆದ ಮೇಲೂ ರೋಗ ಮರುಕಳಿಸದಂತೆ ತಿಂಗಳುಗಟ್ಟಲೆ ಹಾರ್ಮೋನ್ ಮಾತ್ರೆ ಬರೆಯುತ್ತಾರೆ, ಅದು ಕೈಯಿಂದಲೇ. ಗೋವಾಕ್ಕೆ ಹೊರಡುವ ಮೊದಲು ಬಯಾಪ್ಸಿ ವರದಿ, ಆಪರೇಷನ್ ನೋಟ್ಸ್ ಎರಡೂ ಕೇಳಿ ಇಸಕೊಳ್ಳಿ. ಬರೀ ಡಿಸ್ಚಾರ್ಜ್ ಚೀಟಿ ನೋಡಿ ಅಲ್ಲಿನ ಡಾಕ್ಟರಿಗೆ ಒಳಗೆ ಏನು ತೆಗೆದರು, ಏನು ಬಿಟ್ಟರು ಅನ್ನುವುದು ಗೊತ್ತಾಗುವುದಿಲ್ಲ.